ಪಿಡಿಎಫ್ ಓದಲು ತಂದ ಐಪ್ಯಾಡ್, ಮೂರು ವರ್ಷದ ನಂತರ

ಸಹಕಾರಿ ಸಂಘಗಳ ಲೆಕ್ಕ ತಪಾಸಣೆಗೆ ಊರೂರು ತಿರುಗುವ ಕೆಲಸ ನನ್ನದು. ತಿಂಗಳಲ್ಲಿ ಹತ್ತು ರಾತ್ರಿ ಲಾಡ್ಜ್ ತಪ್ಪಿದ್ದಲ್ಲ. ಮೂರು ವರ್ಷದ ಹಿಂದೆ ಪಿಡಿಎಫ್ ಓದೋಕೆ ಅಂತ ಮನೆಯಲ್ಲಿ ಹೇಳಿ ಒಂಬತ್ತನೇ ಜನರೇಷನ್ ಐಪ್ಯಾಡ್, 64 ಜಿಬಿಯದ್ದು, ತಂದೆ. ಓದಿದ್ದು ಅಷ್ಟರಲ್ಲೇ ಇದೆ. ಅದರಲ್ಲಿ ಮಾಡುವುದು ಆಂಬಿಯೆಂಟ್ ಸಂಗೀತ. ತಾಳವಿಲ್ಲ, ಪಲ್ಲವಿಯಿಲ್ಲ, ತಂಬೂರಿ ಮೀಟಿ ಬಿಟ್ಟ ಹಾಗೆ ಒಂದು ನಾದ ಹರಡಿಕೊಂಡು ನಿಧಾನಕ್ಕೆ ಬಣ್ಣ ತಿರುಗುತ್ತಾ ಹೋಗುತ್ತದೆ, ಅಷ್ಟೇ.

ಈ ಮಾಡೆಲ್ಲೇ ಬೇಕೆಂದದ್ದು ಹೆಡ್‌ಫೋನ್ ಜ್ಯಾಕ್‌ಗಾಗಿ. 2022ರ ಹತ್ತನೇ ಜನರೇಷನ್‌ನಲ್ಲಿ ಅದಿಲ್ಲ. ಇರುವ ಒಂದೇ ಟೈಪ್-ಸಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಚಾರ್ಜ್ ಮಾಡಲು ಹಬ್ ಹುಡುಕಬೇಕು. ಬ್ಲೂಟೂತ್‌ನಲ್ಲಿ ಒತ್ತಿದ್ದು ಈಗ, ಕೇಳಿಸಿದ್ದು ಆಮೇಲೆ. ನಿಧಾನದ ಸಂಗೀತಕ್ಕೆ ಅದೇನು ಮಹಾ ಅಂದುಕೊಂಡಿದ್ದೆ; ಕೈ ಒಪ್ಪಲಿಲ್ಲ.

ಶುರು ಮಾಡಿದ್ದು ಆ್ಯಪಲ್‌ನದೇ ಸಂಗೀತದ ಆ್ಯಪ್ ಗ್ಯಾರೇಜ್‌ಬ್ಯಾಂಡ್‌ನಲ್ಲಿ, ಪುಕ್ಕಟೆ ಅಂತ. ಅದರಲ್ಲಿ ಹೊಸ ಹಾಡು ತೆರೆದಾಗ ಉದ್ದ 8 ಬಾರ್ ಇರುತ್ತದೆ, ಬಾರಿಗೆ ನಾಲ್ಕು ಬೀಟ್. ನಿಮಿಷಕ್ಕೆ 60 ಬೀಟ್ ಇಟ್ಟರೆ 32 ಸೆಕೆಂಡ್, ನಮ್ಮ ಸಂಗೀತ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಸೆಕ್ಷನ್ ಸೆಟ್ಟಿಂಗ್‌ನಲ್ಲಿ ಆಟೊಮ್ಯಾಟಿಕ್ ಮಾಡಿಕೊಳ್ಳಿ. ಈಗ ಎಯುಎಂ ಎಂಬ ಮಿಕ್ಸರ್ ಆ್ಯಪ್‌ಗೆ ಬಂದಿದ್ದೇನೆ. ನಾದ ಹುಟ್ಟಿಸುವ ಬೇರೆ ಬೇರೆ ಸಿಂಥ್, ಅದಕ್ಕೆ ಅನುರಣನ ಕೊಡುವ ರಿವರ್ಬ್‌ಗಳನ್ನು ಅದರೊಳಗೇ ಪೋಣಿಸಬಹುದು. ಬಫರ್, ಅಂದರೆ ಐಪ್ಯಾಡ್ ಒಂದು ಸಲಕ್ಕೆ ಲೆಕ್ಕ ಹಾಕುವ ಸದ್ದಿನ ತುಂಡು, 1024 ಸ್ಯಾಂಪಲ್‌ಗೆ ಇಟ್ಟಿದ್ದೇನೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಲೆಕ್ಕದಲ್ಲಿ, ಸುಮಾರು 21 ಮಿಲಿಸೆಕೆಂಡ್ ತಡ. ಮೃದಂಗದವರು ಒಪ್ಪಲಿಕ್ಕಿಲ್ಲ, ನನಗೆ ನಡೆಯುತ್ತದೆ. ನಡುವೆ ಚಟಚಟ ಅನ್ನುವುದು ನಿಂತಿತಲ್ಲ, ಅದು ಲಾಭ.

ನನ್ನ ಮೆಚ್ಚಿನದು ಬಾರ್ಡರ್‌ಲ್ಯಾಂಡ್ಸ್ ಗ್ರ್ಯಾನ್ಯುಲರ್ ಎಂಬ ಆ್ಯಪ್. ರೆಕಾರ್ಡ್ ಮಾಡಿ ಹಿಡಿದ ಸದ್ದು ಪರದೆಯ ಮೇಲೆ ಒಂದು ಪಟ್ಟಿಯಾಗಿ ಕೂರುತ್ತದೆ. ಅದರ ಮೇಲೆ ಬೆರಳಿಟ್ಟ ಕಡೆಯ ಸದ್ದನ್ನು ಮಿಲಿಸೆಕೆಂಡ್ ಲೆಕ್ಕದ ಚೂರುಗಳಾಗಿ ಕೊಚ್ಚಿ ಒಂದರ ಮೇಲೊಂದು ಎರಚುತ್ತದೆ. ಸಕಲೇಶಪುರದಲ್ಲಿ ಸಂಜೆ ಹಿಡಿದ ಜೀರುಂಡೆಯನ್ನು ಎರಡು ಸ್ಥಾಯಿ ಕೆಳಗಿಳಿಸಿ ಎರಚಿದೆ. ಹಳೇ ಹಾರ್ಮೋನಿಯಂನ ತಿದಿ ಎಳೆದ ಹಾಗೆ ಕೇಳಿಸಿತು. ಅವತ್ತು ಊಟ ತಣ್ಣಗಾಗಿದ್ದೂ ಗೊತ್ತಾಗಲಿಲ್ಲ.

ರೈಲಿನ ವಿಷಯಕ್ಕೆ ಬರುತ್ತೇನೆ, ಮೋಸ ಹೋದದ್ದು ಅಲ್ಲೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ಗಾಡಿ ತೆವಳುತ್ತದೆ, ಹೊರಗೆ ಮಳೆ, ಸಂಗೀತಕ್ಕೆ ಇದಕ್ಕಿಂತ ಜಾಗ ಬೇಕೇ ಅನ್ನಿಸುತ್ತದೆ. ಆದರೆ ಚಕ್ರದ ಗುಡುಗು ತಗ್ಗಿನ ಸ್ವರಗಳನ್ನೆಲ್ಲ ನುಂಗಿಬಿಡುತ್ತದೆ. ಕೇಳಿಸುವುದಿಲ್ಲ ಅಂತ ಬೇಸ್ ಏರಿಸುತ್ತಾ ಹೋಗುತ್ತೇವೆ, ಸುರಂಗ ಬಂದಾಗ ಇನ್ನಷ್ಟು. ಮನೆಗೆ ಬಂದು ಸ್ಪೀಕರ್‌ಗೆ ಹಾಕಿದರೆ ಪಕ್ಕದ ಮನೆಯ ಬಾಗಿಲೂ ನಡುಗಬೇಕು. ಮೊದಲ ವರ್ಷದ ಘಾಟಿ ತುಣುಕುಗಳೆಲ್ಲ ಹೀಗೇ ಹಾಳು. ಈಗ ರೈಲಿನಲ್ಲಿ ಸದ್ದು ಹಿಡಿಯುತ್ತೇನೆ, ಸ್ವರ ಜೋಡಿಸುತ್ತೇನೆ, ಯಾವ ಸದ್ದು ಎಷ್ಟಿರಬೇಕು ಅಂತ ಹೊಂದಿಸುವ ಮಿಕ್ಸಿಂಗ್ ಮುಟ್ಟುವುದಿಲ್ಲ.

ಒಮ್ಮೆ ಎದುರು ಸೀಟಿನ ಅಜ್ಜಿ ಬಹಳ ಹೊತ್ತು ನೋಡಿ, "ಏನಪ್ಪಾ, ಆಟ ಆಡ್ತಿದೀಯಾ?" ಅಂದರು. "ಇಲ್ಲ ಅಜ್ಜಿ, ಸಂಗೀತ" ಅಂತ ಹೆಡ್‌ಫೋನ್ ಕೊಟ್ಟೆ. ಎರಡು ನಿಮಿಷ ಕೇಳಿ ವಾಪಸ್ ಕೊಟ್ಟರು: "ಹಾಡು ಶುರುವಾದಾಗ ಹೇಳು."

ಮಿಕ್ಸಿಂಗ್ ಲಾಡ್ಜ್‌ನಲ್ಲಿ, ರಾತ್ರಿ. ಅಲ್ಲೂ ಒಂದು ಕಾಟವಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟಿನ ಚೋಕ್ 100ರಲ್ಲಿ ಗುಂಯ್ ಅನ್ನುತ್ತದೆ. ಅದು ಹಾರ್ಮೋನಿಯಂ ಲೆಕ್ಕದ ಐದು ಮನೆ ಶ್ರುತಿಗೂ (ಇಂಗ್ಲಿಷಿನ ಜಿ) ಐದೂವರೆಗೂ ನಡುವೆ ಎಲ್ಲೋ ಕೂತಿರುತ್ತದೆ. ಐದು ಮನೆಯಲ್ಲಿ ಹಿಡಿದರೆ ಎರಡೂ ಜಗಳ. ಕಡೆಗೆ ಸಿಂಥನ್ನೇ 35 ಸೆಂಟ್ (ಐದಕ್ಕೂ ಐದೂವರೆಗೂ ನಡುವೆ ನೂರು ಸೆಂಟ್) ಮೇಲಕ್ಕೆ ಶ್ರುತಿ ಮಾಡಿದೆ, ಚೋಕ್ ನನ್ನ ತಂಬೂರಿಯಾಯಿತು! ಎಲ್‌ಇಡಿ ಹಾಕಿಸಿದ ಲಾಡ್ಜ್‌ಗಳಲ್ಲಿ ಈ ಭಾಗ್ಯವಿಲ್ಲ.

ಜಾಗದ ಚಿಂತೆ ನಿಜ. 24 ಬಿಟ್ ಸ್ಟೀರಿಯೊದಲ್ಲಿ ಒಂದು ಗಂಟೆ ರೆಕಾರ್ಡಿಂಗ್ ಅಂದರೆ ಒಂದು ಜಿಬಿ. ಜಾಗ ಮಾಡಲು ಹೋಗಿ, ಬಳಸದ ಒಂದು ಆ್ಯಪ್ ತೆಗೆದುಹಾಕಿದೆ. ಅದರ ಫೋಲ್ಡರಿನಲ್ಲಿದ್ದ ಹನ್ನೊಂದು ರೆಕಾರ್ಡಿಂಗ್ ಜೊತೆಗೇ ಹೋದವು. ತಪ್ಪು ನನ್ನದೇ, ಅಳಿಸುವ ಮುಂಚೆ ಅದು ಕೇಳಿತ್ತು, ನಾನು ಓದಲಿಲ್ಲ. ಹೋದದ್ದರಲ್ಲಿ ಆಗುಂಬೆಯ ಹೆಂಚಿನ ಮೇಲಿನ ಮಳೆಯೂ ಇತ್ತು. ಈಗ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕುತ್ತೇನೆ.

ಬ್ಯಾಟರಿ ಮೊದಲಿನಷ್ಟಿಲ್ಲ. ಯಶವಂತಪುರದಲ್ಲಿ ತುಂಬಿಸಿ ಹತ್ತಿದರೆ ಘಾಟಿ ಇಳಿಯುವ ತನಕ ಬರುತ್ತದೆ, ಕಾರವಾರದ ತನಕ ಬರುವುದಿಲ್ಲ. ಹೊಸದು ಕೊಳ್ಳುವ ಯೋಚನೆಯಿಲ್ಲ. ಜ್ಯಾಕ್ ಸಡಿಲವಾದ ದಿನ ನೋಡೋಣ.