ಪಾಸ್‌ವರ್ಡ್ ಕೊಟ್ಟೆ, ಊರಿನ ಬಿಡಿಎಸ್ ಸೀಟು ಕಳೆದುಕೊಂಡೆ

ಮಕ್ಕಳ ಬಿಡಿಎಸ್ (ದಂತವೈದ್ಯ ಪದವಿ) ಸೀಟಿಗಾಗಿ ಓಡಾಡುತ್ತಿರುವವರು ಓದಲಿ ಎಂದು ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ. ಬಾಗಲಕೋಟೆಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಪಾಕೀಟಿನ ಮೇಲಿನ ಲಾಟ್ ನಂಬರು, ಅವಧಿ ನೋಡದೆ ಒಂದು ಕಿಲೋ ಜೋಳದ ಬೀಜವನ್ನೂ ರೈತನ ಕೈಗೆ ಕೊಡುವವನಲ್ಲ. ಅಂಥ ನಾನು ಮಗಳ ಕೆಇಎ (ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಾಸ್‌ವರ್ಡನ್ನೂ ಮೂಲ ಅಂಕಪಟ್ಟಿಗಳನ್ನೂ ಅಪರಿಚಿತನೊಬ್ಬನ ಮೇಜಿನ ಮೇಲಿಟ್ಟು, ಅವನು ತರಿಸಿದ ಚಹಾ ಕುಡಿದು ಬಂದೆ.

ಅದು 2021ರ ನೀಟ್, ಅಂದರೆ ವೈದ್ಯಕೀಯ-ದಂತವೈದ್ಯಕೀಯ ಪ್ರವೇಶ ಪರೀಕ್ಷೆ. ಸೀಟು ಹಂಚುವ ಕೌನ್ಸೆಲಿಂಗ್ ತಡವಾಗಿ 2022ಕ್ಕೆ ಬಿದ್ದಿತ್ತು. ಬಂದ ರ್‍ಯಾಂಕಿಗೆ ಎಂಬಿಬಿಎಸ್ ಸಿಗದೆಂದು ಗೊತ್ತಿತ್ತು, ದಂತವೈದ್ಯಕೀಯ ಓದುತ್ತೇನೆ ಎಂದು ಮಗಳೇ ಹೇಳಿದಳು. ಪರಿಚಯದವರೊಬ್ಬರು ಈ ಏಜೆಂಟನ ವಿಳಾಸ ಕೊಟ್ಟರು. "ಸಾಹುಕಾರರೇ, ನೀವು ಅಂಗಡಿ ನೋಡಿಕೊಳ್ಳಿ, ತಂಗಿಯ ಸೀಟಿನ ಚಿಂತೆ ನನಗೆ ಬಿಡಿ" ಎಂದ. ಅರವತ್ತು ಸಾವಿರ ನಗದು ಕೊಟ್ಟೆ. ರಸೀದಿ ಕೇಳುವುದು ಮರ್ಯಾದೆಯಲ್ಲ ಎನಿಸಿತು!

ಅವನ ಮೊದಲ ಸುಳ್ಳು ಅಲ್ಲೇ ಇತ್ತು, ನನಗೆ ಕಾಣಲಿಲ್ಲ. ಬೆಳಗಾವಿಯ ಕೆಎಲ್‌ಇ ದಂತ ಕಾಲೇಜನ್ನೂ ಕೆಇಎ ಪಟ್ಟಿಯಲ್ಲಿ ಹಾಕುತ್ತೇನೆ ಎಂದಿದ್ದ. ಅದು ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜು. ಅಂಥ ಕಾಲೇಜಿನ ಸೀಟು ಹಂಚುವುದು ದೆಹಲಿಯ ಎಂಸಿಸಿ ಎಂಬ ಕೇಂದ್ರದ ಸಮಿತಿ, ಅದಕ್ಕೆ ನೋಂದಣಿಯೇ ಬೇರೆ. ಇಷ್ಟನ್ನೂ ತಿಳಿಯದವನು, ಅಥವಾ ತಿಳಿದೂ ಹಾಗೆ ಹೇಳುವವನು, ಮುಂದೆ ಏನು ಮಾಡಿಯಾನು ಎಂದು ಆಗಲೇ ಎದ್ದು ಬರಬೇಕಿತ್ತು.

ಆಪ್ಷನ್ ಎಂಟ್ರಿ ಎಂದರೆ ಕಾಲೇಜುಗಳ ಹೆಸರು ತುಂಬುವುದು ಎಂದಷ್ಟೇ ನಾನು ತಿಳಿದಿದ್ದೆ. ಅಲ್ಲ. ಒಂದೇ ಖಾಸಗಿ ಕಾಲೇಜು ಅಲ್ಲಿ ಹಲವು ಸಾಲಾಗಿ ಬರುತ್ತದೆ: ಸರ್ಕಾರಿ ಕೋಟಾದ ಸೀಟು ಒಂದು ಸಾಲು, ಖಾಸಗಿ ಶುಲ್ಕದ ಸೀಟು ಇನ್ನೊಂದು, ಎನ್‌ಆರ್‌ಐ ಮತ್ತೊಂದು. ಕಟ್ಟಡ ಅದೇ, ಪಾಠ ಹೇಳುವವರೂ ಅವರೇ, ಹಣ ಮಾತ್ರ ಅಜಗಜಾಂತರ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ನಿಮ್ಮ ರ್‍ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಅಗ್ಗದ್ದು ಕೆಳಗಿತ್ತಲ್ಲ ಎಂದರೆ ಅದು ಕೇಳುವುದಿಲ್ಲ. ನಮ್ಮ ಪಟ್ಟಿಯ ಮೊದಲ ನಾಲ್ಕು ಸಾಲುಗಳಲ್ಲಿ ಬಸ್ಸಿನಲ್ಲಿ ಒಂದು ರಾತ್ರಿಯ ದಾರಿಯ ಕಾಲೇಜುಗಳಿದ್ದವು, ಎಲ್ಲವೂ ಖಾಸಗಿ ಶುಲ್ಕದವು. ನಮ್ಮೂರಿನದು ಹನ್ನೊಂದನೆಯದು. ಅವನಿಗೆ ಕಮಿಷನ್ ಬಂತೆಂದು ನಾನು ಸಾಬೀತು ಮಾಡಲಾರೆ, ಆದರೆ ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನಿಗೆ ಆ ನಾಲ್ಕು ಸಾಲು ಸಾಕು.

ನಿಜವಾದ ಹಂಚಿಕೆಗೆ ಮೊದಲು ನಡೆಸುವ ಅಣಕು ಹಂಚಿಕೆಯಲ್ಲೇ ಆ ನಾಲ್ಕರಲ್ಲೊಂದು ದೂರದ ಕಾಲೇಜು ಬಂದಿತ್ತು. ಪಟ್ಟಿ ತಿದ್ದಿಕೊಳ್ಳಲಿ ಎಂದೇ ಅದನ್ನು ಪ್ರಕಟಿಸುತ್ತಾರೆ. "ಅದು ಸುಮ್ಮನೆ, ನಿಜವಾದದ್ದರಲ್ಲಿ ಬದಲಾಗುತ್ತದೆ" ಎಂದ. ಬದಲಾಗಲಿಲ್ಲ. ಎರಡನೆಯ ಸುತ್ತಿಗೆ ಕಾದರೆ ಇದೂ ಕೈತಪ್ಪುತ್ತದೆ ಎಂದು ಹೆದರಿಸಿದ. ಶುಲ್ಕ ಕಟ್ಟಿದೆವು.

ಹಾಸ್ಟೆಲ್ ಸೇರಿದ ಮೇಲೆ ಮಗಳು, ಯಾವ ಸೀಟು ಕೊನೆಗೆ ಯಾವ ರ್‍ಯಾಂಕಿಗೆ ಹೋಯಿತೆಂದು ತೋರಿಸುವ, ಕೆಇಎ ಪ್ರಕಟಿಸಿದ ಕಟ್‌ಆಫ್ ಪಟ್ಟಿ ತೆರೆದು ನೋಡಿದ್ದಾಳೆ. ನಮ್ಮ ಮೀಸಲಾತಿ ವರ್ಗವಾದ 3ಬಿ ಕಾಲಂನಲ್ಲಿ, ಬಾಗಲಕೋಟೆಯ ಸರ್ಕಾರಿ ಕೋಟಾದ ಸೀಟು ಅವಳಿಗಿಂತ ಕೆಳಗಿನ ರ್‍ಯಾಂಕಿಗೆ ಹೋಗಿತ್ತು. ಫೋನಿನಲ್ಲಿ ಅಳಲಿಲ್ಲ. "ಅಪ್ಪಾ, ಪಟ್ಟಿಯನ್ನು ಒಮ್ಮೆ ನನಗೆ ತೋರಿಸಬೇಕಿತ್ತು" ಎಂದಳು ಅಷ್ಟೇ. ಅಂಕಪಟ್ಟಿ ಹಿಂದಿರುಗಿಸಲು ಏಜೆಂಟ್ ಮತ್ತೆ ಹತ್ತು ಸಾವಿರ ಕೇಳಿದ. ಆ ಜಗಳದ ಕಥೆ ಬೇಡ.

ಪಾಸ್‌ವರ್ಡ್ ಮಗುವಿನ ಬಳಿಯೇ ಇರಲಿ, ಹಿಂದಿನ ವರ್ಷದ ಕಟ್‌ಆಫ್ ಎದುರಿಗಿಟ್ಟುಕೊಂಡು ಪಟ್ಟಿಯನ್ನು ಅದೇ ತುಂಬಲಿ. ಇನ್ನೊಂದು ಮಾತು ನನಗೆ ಯಾರೂ ಹೇಳಿರಲಿಲ್ಲ: ಸೇರುವ ಮೊದಲು ಕಾಲೇಜಿಗೆ ಹೋಗಿ, ಕಟ್ಟಡ ನೋಡಬೇಡಿ, ಬೆಳಗ್ಗೆ ಹತ್ತು ಗಂಟೆಗೆ ಹೊರರೋಗಿ ವಿಭಾಗದ ಬೆಂಚು ನೋಡಿ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೂರನೆಯ ವರ್ಷದಿಂದ ಹುಡುಗರು ರೋಗಿಗಳ ಬಾಯಲ್ಲೇ ಕೆಲಸ ಕಲಿಯಬೇಕು: ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು ಎಂಬ ಲೆಕ್ಕವಿರುತ್ತದೆ. ನನ್ನ ಮಗಳ ಕಾಲೇಜು ಊರಾಚೆ ಹೆದ್ದಾರಿಯ ಪಕ್ಕದಲ್ಲಿದೆ. ಸಾಲಾಗಿ ಹೊಸ ಕುರ್ಚಿಗಳಿವೆ, ಅರ್ಧದಷ್ಟಕ್ಕೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಹಲ್ಲುನೋವಿನವರನ್ನು ಹುಡುಗರೇ ಆಟೋ ಬಾಡಿಗೆ ಕೊಟ್ಟು ಕರೆತರುತ್ತಾರೆ.

ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ. ಪೂರ್ತಿ ಹಲ್ಲುಸೆಟ್ ಮಾಡಿ ತೋರಿಸಲು ಒಂದೂ ಹಲ್ಲಿಲ್ಲದ ಬಾಯಿ ಬೇಕು, ಐದಾರು ಸಲ ಬಂದು ಕೂರುವ ತಾಳ್ಮೆಯವರು ಬೇಕು. ಮೊನ್ನೆ ಫೋನ್ ಮಾಡಿ "ಅಪ್ಪಾ, ಮುತ್ಯಾನನ್ನು ಕಳಿಸಿಕೊಡು" ಎಂದಳು. ನನ್ನ ತಂದೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವವರು. ಮೊಮ್ಮಗಳು ಹಲ್ಲು ಕಟ್ಟುತ್ತಾಳೆಂದು ಆಗಲೇ ಚೀಲ ಸಿದ್ಧ ಮಾಡಿಕೊಂಡಿದ್ದಾರೆ. ನಾನು ರಾತ್ರಿ ಬಸ್ಸಿಗೆ ಎರಡು ಸೀಟು ಕಾಯ್ದಿರಿಸುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತು, "ಹಲ್ಲಿನ ಕಾಲೇಜು ನಮ್ಮ ಊರಲ್ಲೇ ಇದೆಯಲ್ಲಪ್ಪಾ, ಅಷ್ಟು ದೂರ ಯಾಕೆ ಹೋಗಬೇಕು?" ಎಂದು ಕೇಳಿದರು.