ಹತ್ತಿಯ ಹೇನಿಗೆ ಯಾವ ಎಣ್ಣೆ (ಕೀಟನಾಶಕ) ಹೊಡೆಯಬೇಕು?

ಡೈಮೆಥೊಯೇಟ್, ಇಮಿಡಾಕ್ಲೋಪ್ರಿಡ್, ಫ್ಲೋನಿಕಾಮಿಡ್, ಸಾಬೂನು ನೀರು: ನಾಲ್ಕನ್ನೂ ಹಾವೇರಿ ಕಡೆಯ ನಮ್ಮ ಹತ್ತಿ ಹೊಲದಲ್ಲಿ ಅಕ್ಕಪಕ್ಕದ ಸಾಲುಗಳಿಗೆ ಹೊಡೆದು ನೋಡಿದೆ. ಅಂಗಡಿಯವರು ಬೆಲೆ ಹೋಲಿಸಿ ತೋರಿಸುತ್ತಾರೆ. ನನಗೆ ಬೇಕಾಗಿದ್ದದ್ದು ಎಲೆಯ ರಸ ಹೀರುವ ಈ ಹೇನು ಯಾವುದನ್ನು ಅರಗಿಸಿಕೊಳ್ಳುತ್ತದೆ ಎಂಬ ಲೆಕ್ಕ.

ಡೈಮೆಥೊಯೇಟ್ ಅಗ್ಗ, ನಾತ ಜೋರು. ಹೇನನ್ನು ತಿನ್ನುವ ಗುಲಗಂಜಿ ಹುಳುಗಳು ಮೊದಲು ಸತ್ತವು, ಹೇನು ಅರ್ಧಂಬರ್ಧ ಉಳಿಯಿತು. ಈ ಜಾತಿಯ ವಿಷಗಳನ್ನು ಹಿಡಿದಿಟ್ಟು ಒಡೆಯುವ ಎಸ್ಟರೇಸ್ ಕಿಣ್ವ ಹೇನುಗಳಲ್ಲಿದೆ. ಮೆಣಸಿನಕಾಯಿ ಗಿಡಕ್ಕೂ ಬರುವ ಪೀಚ್ ಹೇನಿನಲ್ಲಿ ಅದರ ಜೀನ್ 80 ಪ್ರತಿಗಳವರೆಗೆ ಹೆಚ್ಚಿದ್ದು ದಾಖಲಾಗಿದೆ.

ಇಮಿಡಾಕ್ಲೋಪ್ರಿಡ್ ಕಥೆ ಇನ್ನೂ ಸ್ವಾರಸ್ಯದ್ದು. ಅದು ಹೇನಿನ ನರದಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಕೂರುತ್ತದೆ. ತಂಬಾಕಿಗೆ ಒಗ್ಗಿದ ಪೀಚ್ ಹೇನು ನಿಕೋಟಿನ್ ಕರಗಿಸಲು ಸಿವೈಪಿ6ಸಿವೈ3 ಎಂಬ ಜೀನನ್ನು ಮೊದಲೇ ಹೆಚ್ಚಿಸಿಕೊಂಡಿತ್ತು. ಆ ಜೀನಿನಿಂದ ಬರುವ ಕಿಣ್ವಕ್ಕೆ ಹೊಸ ಔಷಧಿಯೂ ದಕ್ಕಿತು. ನಮ್ಮ ಬಿಟಿ ಹತ್ತಿ ಬೀಜ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಲೇಪ ಹೊತ್ತೇ ಬರುತ್ತದೆ. ಮೇಲಿಂದ ಅದನ್ನೇ ಸಿಂಪಡಿಸಿದರೆ ತಡೆದುಕೊಂಡ ಹೇನುಗಳಷ್ಟೇ ಉಳಿಯುತ್ತವೆ. ಗಂಡಿನ ಹಂಗಿಲ್ಲದೆ ಮರಿ ಹಾಕುವ ಜೀವ ಅದು, ಉಳಿದ ಒಂದೇ ತಾಯಿ ಸಾಕು. ನನ್ನ ಸಾಲುಗಳಲ್ಲಿ ಎಲೆ ಮುಟುರು ವಾರದೊಳಗೆ ಮರಳಿತು. ಕಾರಣ ಕಿಣ್ವವೋ, ನರದಲ್ಲಿ ಔಷಧಿ ಕೂರುವ ಜಾಗವೇ ಬದಲಾಗಿರುವುದೋ, ಹೊಲದಲ್ಲಿ ನಿಂತು ಹೇಳಲಾಗದು. ಪ್ರಯೋಗಾಲಯದಲ್ಲಾದರೆ ಕಿಣ್ವದ ಕೈ ಕಟ್ಟುವ ಪೈಪರೊನಿಲ್ ಬ್ಯುಟಾಕ್ಸೈಡ್ ಬೆರೆಸಿ ನೋಡುತ್ತಾರೆ. ಔಷಧಿಯ ಬಿಗಿ ಮರಳಿದರೆ ಕಿಣ್ವವೇ ಕಳ್ಳ.

ಫ್ಲೋನಿಕಾಮಿಡ್ (ಲೀಟರಿಗೆ 0.3 ಗ್ರಾಂ) ಹೊಡೆದ ಮರುದಿನ ಹೇನುಗಳೆಲ್ಲ ಎಲೆಯಡಿಯಲ್ಲೇ ಇದ್ದವು. ಪಕ್ಕದ ಹೊಲದವರು ನಕ್ಕರು. ಆದರೆ ಗಿಡದ ಕೆಳಗೆ ಹಾಸಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಹೇನು ಹೊರಹಾಕುವ ಅಂಟಿನ ಹೊಸ ಹನಿ ಒಂದೂ ಇರಲಿಲ್ಲ. ರಸ ಹೀರುವುದು ನಿಂತರೆ ಅಂಟೂ ನಿಲ್ಲುತ್ತದೆ. ಆಮೇಲೆ ಹಸಿವಿನಿಂದ ಒಣಗಿ ಕಂದಾಗಿ ಉದುರಿದವು. ಗುಲಗಂಜಿ ಹುಳುಗಳು ಓಡಾಡಿಕೊಂಡಿದ್ದವು. ದುಬಾರಿ, ನಿಜ.

ಸಾಬೂನು ನೀರಿಗೆ ಯಾವ ಜೀನೂ ಅಷ್ಟು ಸುಲಭವಾಗಿ ಅಡ್ಡ ಬಾರದು, ಆದರೆ ಎಲೆಯಡಿ ಮೈಗೆ ತಾಗಿದ ಹೇನು ಮಾತ್ರ ಸಾಯುತ್ತದೆ. ದೊಡ್ಡ ಹೊಲಕ್ಕೆ ಆಗದ ಮಾತು.

ನನ್ನ ಆಯ್ಕೆ: ಮೊದಲು ಕಂಡ ಹೇನಿನ ಗುಂಪುಗಳಿಗೆ ಸಾಬೂನು ನೀರು, ಮಿತಿಮೀರಿದರೆ ಫ್ಲೋನಿಕಾಮಿಡ್ ಒಮ್ಮೆ. ಇಮಿಡಾ ಬಿಟ್ಟು ಥಯಾಮೆಥಾಕ್ಸಾಮ್ ಕೊಡುತ್ತೇನೆ ಎನ್ನುವ ಅಂಗಡಿಯವರಿಗೆ ಬೇಡ ಎನ್ನುತ್ತೇನೆ, ಎರಡೂ ನಿಕೋಟಿನ್ ಜಾಗದಲ್ಲೇ ಕೂರುವ ಒಂದೇ ಗುಂಪಿನ ಔಷಧಿಗಳು.