‘ಬರೀ ಹೆಸರಿಗೆ’ ಅಂದರು, ಕಂಪನಿಯೇ ಅವರದಾಯಿತು

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಶಿರಸಿ ಕಡೆ ಉಪ್ಪಿನಕಾಯಿ, ಹಪ್ಪಳ, ಕೋಕಂ ಮಾಡಿ ಮಾರುವ ಹೆಂಗಸರು ದಯವಿಟ್ಟು ಓದಿ.

ಹನ್ನೆರಡು ವರ್ಷದಿಂದ ಮನೆಯಲ್ಲೇ ಅಪ್ಪೆಮಿಡಿ ಹಾಕಿ ಮಾರುತ್ತಿದ್ದೇನೆ. ಸಾಲ ತೆಗೆದು ಶೆಡ್ ಕಟ್ಟಿಸೋಣ ಅಂತ ಪೇಟೆಯ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆ. ‘ಪ್ರೈವೇಟ್ ಲಿಮಿಟೆಡ್ ಮಾಡಿ ಅಕ್ಕಾ, ಬ್ಯಾಂಕಿನವರೇ ಕರೆದು ಕೊಡ್ತಾರೆ’ ಅಂದರು. ಅದಕ್ಕೆ ಇಬ್ಬರು ಬೇಕಂತೆ. ನಮ್ಮನೆಯವರಿಗೆ ನೌಕರಿ ಇದೆ, ಆಗಲ್ಲ ಅಂದೆ. ‘ನನ್ನ ತಮ್ಮನ ಹೆಸರು ಹಾಕೋಣ, ಬರೀ ಹೆಸರಿಗೆ. ತಲೆಬಿಸಿ ಮಾಡ್ಕೋಬೇಡಿ.’ ಒಬ್ಬರೇ ಇದ್ದರೂ ಒನ್ ಪರ್ಸನ್ ಕಂಪನಿ ಮಾಡಬಹುದು, 2013ರ ಕಂಪನಿ ಕಾಯ್ದೆಯಲ್ಲೇ ಇದೆ. ನನ್ನಷ್ಟು ವ್ಯಾಪಾರಕ್ಕೆ ಕಂಪನಿಯೇ ಬೇಕಿರಲಿಲ್ಲ, ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವ ಪ್ರೊಪ್ರೈಟರ್ ಆಗಿಯೇ ಸಾಲ ಕೇಳಬಹುದಿತ್ತು. ಒಂದು ಮಾತೂ ಹೇಳಲಿಲ್ಲ.

ಡಿಜಿಟಲ್ ಸಹಿಗೆ ಅಂತ ಮೊಬೈಲ್ ಎದುರು ಕೂರಿಸಿ ವಿಡಿಯೋ ಮಾಡಿಸಿದರು. ಒಟಿಪಿ ಕೇಳಿದರು, ಕೊಟ್ಟೆ. ಪೆನ್‌ಡ್ರೈವ್ ತರಹದ ಸಣ್ಣ ಟೋಕನ್ ಬಂತು, ನನ್ನ ಡಿಜಿಟಲ್ ಸಹಿ ಇರೋದು ಅದರಲ್ಲೇ. ‘ನಿಮ್ಮ ಹತ್ರ ಇದ್ದು ಏನು ಮಾಡ್ತೀರಿ’ ಅಂತ ನನ್ನ ಕಣ್ಣೆದುರೇ ಡ್ರಾಯರಿಗೆ ಹಾಕಿದರು. ನಾನೂ ಸುಮ್ನೆ ಬಂದೆ.

ಬ್ಯಾಂಕಿನಲ್ಲಿ ಮ್ಯಾನೇಜರ್ ಕಾಗದ ತಿರುವಿ ಕೇಳಿದರು, ‘ಅಮ್ಮಾ, 10,000 ಶೇರಿನಲ್ಲಿ 5,100 ಇವರ ಹೆಸರಲ್ಲಿದೆ. ಇವರು ನಿಮಗೆ ಏನಾಗಬೇಕು?’

ಏನಂತ ಹೇಳಲಿ? ಆ ಮನುಷ್ಯನ ಮುಖವನ್ನೇ ನಾನು ನೋಡಿಲ್ಲ! ಅತ್ತೆಯಿಂದ ಕಲಿತ ಮಿಡಿ, ನನ್ನ ಭರಣಿ, ನನ್ನ ದುಡ್ಡು. ಯಜಮಾನ ಮಾತ್ರ ಬೇರೆ ಯಾರೋ. ಅರ್ಧಕ್ಕಿಂತ ಜಾಸ್ತಿ ಶೇರು ಇದ್ದವರು ಠರಾವು ಮಾಡಿ ಡೈರೆಕ್ಟರ್ ಸ್ಥಾನದಿಂದ ನನ್ನನ್ನೇ ತೆಗೆಯಬಹುದಂತೆ.

ಫೋನ್ ಮಾಡಿದೆ. ಮೊದಲ ದಿನ, ‘ಅದು ಫಾರ್ಮಾಲಿಟಿ ಅಕ್ಕಾ.’ ಮರುದಿನ, ‘ಓದಿ ಸಹಿ ಹಾಕಬೇಕಿತ್ತು.’ ಓದೋಕೆ ಕೊಟ್ಟಿದ್ದು ಯಾವಾಗ? ನನ್ನ ಟೋಕನ್ ಚುಚ್ಚಿ ಸಹಿ ಹಾಕಿದ್ದೇ ಅವರು! ಮೂರನೇ ದಿನ, ಶೇರು ವಾಪಸ್ ಬೇಕಾದರೆ ತಮ್ಮನಿಗೆ ಒಂದೂವರೆ ಲಕ್ಷ ಕೊಡಿ ಅಂದರು. ಸಹಿ ಹಾಕಿದ್ದೇ ಅವರು ಮಾರಾಯ್ರೆ!

ಸಾಲದ್ದಕ್ಕೆ ವರ್ಷದ ಲೆಕ್ಕವನ್ನೂ ಸಲ್ಲಿಸಿಲ್ಲ. ಲೆಕ್ಕಪತ್ರದ ಫಾರ್ಮ್ ಎಒಸಿ-4, ವಾರ್ಷಿಕ ವಿವರದ ಫಾರ್ಮ್ ಎಂಜಿಟಿ-7ಎ ಎರಡೂ ಬಾಕಿ. ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ ತಡದ ಶುಲ್ಕ. ಇದನ್ನು ಬರೆಯುವಾಗಲೂ ಏರುತ್ತಿದೆ.

ಟೋಕನ್ ಯಾರ ಕೈಗೂ ಕೊಡಬೇಡಿ. ಯಾರಿಗೆ ಎಷ್ಟು ಶೇರು ಅಂತ ಮೆಮೊರಾಂಡಂನಲ್ಲಿ, ಅಂದರೆ ಕಂಪನಿ ಶುರು ಮಾಡುವಾಗಿನ ಮೂಲ ಕಾಗದದಲ್ಲಿ, ಬರೆದಿರುತ್ತದೆ, ಅದನ್ನೇ ಮೊದಲು ನೋಡಿ. ‘ಬರೀ ಹೆಸರಿಗೆ’ ಅಂದರೆ ಎದ್ದು ಬನ್ನಿ.

ನನ್ನ ಟೋಕನ್ ಇನ್ನೂ ಅವರ ಡ್ರಾಯರಿನಲ್ಲೇ ಇದೆ. ಆ ಸಹಿ ರದ್ದು ಮಾಡಿಸೋಕೆ ಇವತ್ತು ಅರ್ಜಿ ಹಾಕಿದೆ. ನಾಳೆ ವಕೀಲರ ಹತ್ತಿರ ಹೋಗುತ್ತೇನೆ.